ಕುಂಬಳಕಾಯಿ ಕಂಪ್ಯೂಟರ್‌ಗಳ ದಸರಾ ರಜೆ

ನಮ್ಮ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಎಂದರೆ ಬೀಗ ಹಾಕಿದ ಒಂದು ಕೋಣೆ ಎಂದೇ ಅರ್ಥವಿದ್ದ ಕಾಲ ಅದು. ಪುಸ್ತಕದಲ್ಲಿ ಮೌಸಿನ ಚಿತ್ರವಿತ್ತು. ಅದರ ಭಾಗಗಳನ್ನು ಗುರುತಿಸಿ ಮಾರ್ಕ್ಸು ತೆಗೆದುಕೊಳ್ಳುತ್ತಿದ್ದೆವು. ಮೌಸನ್ನು ಮುಟ್ಟಿದವರು ಯಾರೂ ಇರಲಿಲ್ಲ. ಬಾಲ್ಯವನ್ನು ನೆನೆದರೆ ಬಾಯಲ್ಲಿ ನೀರೂರುತ್ತದೆ ಎಂದು ಬರೆಯುವವರನ್ನು ಓದಿದ್ದೇನೆ. ನನಗೆ ಒಂಬತ್ತನೇ ಕ್ಲಾಸಿನ ದಸರಾ ರಜೆ ನೆನಪಾದರೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ.

ವಿದುರಾಶ್ವತ್ಥದಿಂದ ಎರಡು ಮೈಲಿ ಆಚೆಗೆ ನಮ್ಮೂರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆ ವರ್ಷ ಬೆಂಗಳೂರಿನ ಯಾವುದೋ ಪ್ರೆಸ್ಸಿನವರು ಬಾಗಿಲು ಮುಚ್ಚುವಾಗ ತಮ್ಮ ಆರು ಹಳೇ ಕಂಪ್ಯೂಟರ್‌ಗಳನ್ನು ನಮ್ಮ ಶಾಲೆಗೆ ದಾನ ಕೊಟ್ಟರು. ಅಂಥವನ್ನು ಗೌರಿಬಿದನೂರಿನ ಯಾವ ಅಂಗಡಿಯಲ್ಲೂ ನಾವು ಕಂಡಿರಲಿಲ್ಲ. ಬೆಳ್ಳಗೆ, ಹಿಂದುಗಡೆ ಹೊಟ್ಟೆ ಉಬ್ಬಿಸಿಕೊಂಡು, ಪರದೆ ಮತ್ತು ಪೆಟ್ಟಿಗೆ ಎರಡೂ ಒಂದೇ ಆಗಿ, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಕುಂಬಳಕಾಯಿ ಎಂದು ನಾವೇ ಹೆಸರಿಟ್ಟೆವು. ಆನ್ ಮಾಡಿದರೆ ಪಾಸ್‌ವರ್ಡ್ ಕೇಳುತ್ತಿದ್ದವು. ಅದು ಯಾರಿಗೂ ಗೊತ್ತಿರಲಿಲ್ಲ. ಪೇಟೆಯಿಂದ ಬಂದ ರಿಪೇರಿಯವನು ಒಂದನ್ನು ತಟ್ಟಿ ನೋಡಿ, "ಇದ್ರ ಪ್ರೊಸೆಸರ್ರೇ ಬೇರೆ ಸಾರ್, ಪವರ್‌ಪಿಸಿ. ವಿಂಡೋಸ್ ಹಾಕಕ್ಕಾಗಲ್ಲ. ಗುಜರಿಗೆ ಹಾಕ್ಬಿಡಿ" ಎಂದು ಹೋದ.

ಹೆಡ್ ಮಾಸ್ಟರು ಅವನ್ನು ಮುರಿದ ಬೆಂಚುಗಳ ಕೋಣೆಗೆ ತಳ್ಳಿಸಿದರು. ನಮಗೆ ಗಣಿತ ಹೇಳುತ್ತಿದ್ದ ನಾಗರತ್ನ ಮಿಸ್ ಮಾತ್ರ ಸುಮ್ಮನಾಗಲಿಲ್ಲ. ರಜೆಗೆ ಎರಡು ದಿನ ಮುಂಚೆ ಅವರು ಹೆಡ್ ಮಾಸ್ಟರ ಹತ್ತಿರ ಬೀಗದ ಕೈ ಕೇಳಲು ಹೋದಾಗ ನೋಟ್ಸುಗಳ ಕಟ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದವಳು ನಾನೇ. ಪಕ್ಕದಲ್ಲಿ ನನ್ನ ಕ್ಲಾಸಿನ ರೇಷ್ಮಾ ಇದ್ದಳು.

"ಲಿನಕ್ಸ್ ಅಂತ ಐತೆ ಸಾರ್, ವಿಂಡೋಸ್ ಥರದ್ದೇ, ಹಳೇ ಮೆಷಿನ್ನಿಗೂ ಬರುತ್ತೆ ಅಂತಾರೆ. ಒಂದ್ಸಲ ನೋಡ್ತೀನಿ" ಎಂದರು ಮಿಸ್.

"ಬಿಚ್ಚಿ, ಕಟ್ಟಿ, ಏನಾದ್ರೂ ಮಾಡ್ಕೊಳಮ್ಮ" ಎಂದು ಹೆಡ್ ಮಾಸ್ಟರು ಬೀಗದ ಕೈಯನ್ನು ಮೇಜಿನ ಮೇಲೆ ಜಾರಿಸಿದರು. "ಹೆಂಗೂ ಗುಜರಿಗೆ ಹೋಗೋವು."

ನಾನು ಕೇಳಿಸಿಕೊಂಡೆ. ರೇಷ್ಮಾಳೂ ಕೇಳಿಸಿಕೊಂಡಳು.

ರೇಷ್ಮಾಳ ಅಬ್ಬಾಗೆ ಗೌರಿಬಿದನೂರಿನಲ್ಲಿ ಹೊಲಿಗೆ ಮೆಷಿನ್ ರಿಪೇರಿಯ ಅಂಗಡಿ. ಅವಳ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ನಮಗೆ ಸೂಜಿ ದಾರ ಸಿಕ್ಕಂತೆ. ರಜೆ ಬಂದ ಕೂಡಲೇ ಮಿಸ್, ರೇಷ್ಮಾ, ನಾನು ಮೂವರೂ ಕೋಣೆ ಗುಡಿಸಿ, ಇಲಿ ಕಡಿದ ವೈರುಗಳಿಗೆ ಟೇಪು ಸುತ್ತಿ ಶುರು ಮಾಡಿದೆವು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕರೆಂಟು. ಒಂದು ಗಂಟೆಗೆ ಹೋಯಿತೆಂದರೆ ಹುಣಸೆಮರದ ಕೆಳಗೆ ಕುಂಟೆಬಿಲ್ಲೆ. ಕಡಲೆಕಾಯಿ ಕೀಳುವ ಕಾಲವಾದ್ದರಿಂದ ನಮ್ಮಿಬ್ಬರ ಲಂಗದ ಮಡಿಲಲ್ಲೂ ಬೇಯಿಸಿದ ಕಡಲೆಕಾಯಿ. ಬಿಸಿಯಾದ ಪರದೆಯಿಂದ ಸುಟ್ಟ ಧೂಳಿನ ವಾಸನೆ ಬರುತ್ತಿತ್ತು. ಆ ವಾಸನೆಯೂ ಉಪ್ಪು ಹಾಕಿ ಬೇಯಿಸಿದ ಕಾಯಿಯ ವಾಸನೆಯೂ ನನ್ನೊಳಗೆ ಒಂದೇ ಆಗಿ ಕೂತಿವೆ.

ಮಿಸ್ ಪೇಟೆಯ ನೆಟ್ ಸೆಂಟರಿನಲ್ಲಿ ಕೂತು ಡೌನ್‌ಲೋಡ್ ಮಾಡಿಸಿಕೊಂಡು ಬಂದ ಮೊದಲ ಸಿಡಿಯನ್ನು ಕುಂಬಳಕಾಯಿ ಉಗುಳಿಬಿಟ್ಟಿತು. ಅದು ಮಾಮೂಲಿ ಕಂಪ್ಯೂಟರ್‌ಗಳ ಲಿನಕ್ಸ್. ಪವರ್‌ಪಿಸಿಯದೇ ಬೇರೆ ಇರುತ್ತದೆಂದು ಹುಡುಕಿ ಮಿಸ್ ಮತ್ತೆ ಪೇಟೆಗೆ ಹೋದರು. ಎರಡನೇ ಸಿಡಿ ಹಾಕಿ ಸಿ ಕೀಲಿ ಒತ್ತಿ ಹಿಡಿದಾಗ ಅಕ್ಷರಗಳು ಓಡಿದವು. ಆಮೇಲೆ ಪರದೆ ಕಪ್ಪಾಯಿತು. ಐದು ದಿನ ಹಾಗೇ. ಏನು ಮಾಡಿದರೂ ಕಪ್ಪು.

"ಸತ್ತೋಯ್ತಾ ಮಿಸ್?" ಎಂದೆ.

"ಫ್ಯಾನ್ ತಿರುಗ್ತಾ ಐತಲ್ಲೆ, ಜೀವ ಐತೆ. ಕಣ್ಣು ಕಾಣ್ತಾ ಇಲ್ಲ ಅಷ್ಟೆ" ಎಂದಳು ರೇಷ್ಮಾ, ಪೆಟ್ಟಿಗೆಗೆ ಕಿವಿ ಇಟ್ಟು.

ಆರನೇ ದಿನ ಮಿಸ್ ಒಂದು ಚೀಟಿ ತಂದರು. ಯಾವ ದೇಶದವರೋ ಇಂಥದ್ದೇ ಮೆಷಿನ್ನಿಗೆ ಇಂಟರ್‌ನೆಟ್ಟಿನಲ್ಲಿ ಬರೆದಿದ್ದ ಮದ್ದು. ಶುರುವಿನಲ್ಲೇ ಒಂದು ಸಾಲು ಟೈಪ್ ಮಾಡಬೇಕು: ಲೈವ್, ವಿಡಿಯೊ ಈಕ್ವಲ್ ಟು ಓ ಎಫ್ ಓನ್ಲಿ. ಅಂದರೇನೆಂದು ನಮಗೆ ತಿಳಿಯದು. ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡು ರೇಷ್ಮಾ ಒಂದೊಂದೇ ಅಕ್ಷರ ಒತ್ತಿದಳು. ಪರದೆ ಬೆಳಗಿತು. ಮಿಸ್ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

ಮರುವಾರ ಕನ್ನಡವನ್ನೂ ಹಾಕಿದೆವು. ಮೊದಮೊದಲು ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತಿದ್ದವು, ಫಾಂಟು ಬದಲಿಸಿದ ಮೇಲೆ ಸರಿಯಾಗಿ ಕೂತವು. ಬುತ್ತಿ ತಂದ ನಮ್ಮಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಪರದೆಯ ಮೇಲಿದ್ದುದನ್ನು ಕೂಡಿಸಿ ಕೂಡಿಸಿ ಓದಿದಳು: "ಕ-ಸ-ದ ಬುಟ್ಟಿ." ನನ್ನ ಕಡೆ ತಿರುಗಿ, "ಇದಕ್ಕೂ ಕಸದ ಬುಟ್ಟಿ ಬೇಕಾ? ಗುಡಿಸೋರು ಯಾರೇ?" ಎಂದಳು. ಮಿಸ್ ನಗುತ್ತಾ ಮೌಸನ್ನು ಅವಳ ಕೈಗೆ ಕೊಟ್ಟರು. ಅಮ್ಮ ಹಿಡಿದು ನೋಡಿದಳು. ನಮ್ಮ ಶಾಲೆಯಲ್ಲಿ ಯಾವ ಹುಡುಗನೂ ಮುಟ್ಟದಿದ್ದ ವಸ್ತುವನ್ನು ನಮ್ಮಮ್ಮ ಮುಟ್ಟಿದ್ದಳು.

ಎರಡು ಮೆಷಿನ್ನುಗಳು ಏನು ಮಾಡಿದರೂ ಏಳಲಿಲ್ಲ. ಅವುಗಳ ರ‍್ಯಾಮ್ ತೆಗೆದು ಉಳಿದ ನಾಲ್ಕಕ್ಕೆ ಹಾಕಿದೆವು. ರಜೆ ಮುಗಿದಾಗ ನಾಲ್ಕು ಕುಂಬಳಕಾಯಿಗಳ ಮುಂದೆ ಮಕ್ಕಳ ಸಾಲು ಜಗಲಿಯವರೆಗೆ. ಹದಿನೈದು ದಿನ ನಡೆಯಿತು, ಅಷ್ಟೆ.

ಒಂದು ದಿನ ಬಿಸಿಯೂಟದ ಅಕ್ಕಿ ನೋಡಲೆಂದು ಶಿಕ್ಷಣ ಇಲಾಖೆಯ ಒಬ್ಬ ಸಾಹೇಬರು ಬಂದರು. ಮಕ್ಕಳ ಸಾಲು ಕಂಡು ಕೋಣೆಗೆ ಇಣುಕಿದರು. "ಇದೇನು, ವಿಂಡೋಸ್ ಇದ್ದಂಗಿಲ್ಲ?" ಎಂದರು. ಮಿಸ್ ವಿವರಿಸತೊಡಗಿದರೆ ಕೈ ಅಡ್ಡ ಮಾಡಿ ನನ್ನನ್ನು ಕೇಳಿದರು. "ಇದನ್ನ ಬಿಚ್ಚಿದ್ದು ಯಾರಮ್ಮ?"

ಅವರು ಹೊಗಳಲು ಕೇಳುತ್ತಿದ್ದಾರೆ ಎಂದುಕೊಂಡೆ. "ನಮ್ ಮಿಸ್ ಸಾರ್. ಹಳೇದೆಲ್ಲ ಅಳಿಸಿ ಹೊಸದು ಹಾಕಿದ್ರು. ಎರಡನ್ನ ಪೂರ್ತಿ ಬಿಚ್ಚಿ ಅದ್ರ ಸಾಮಾನು ಇದಕ್ಕೆ ಹಾಕಿದ್ವಿ" ಎಂದು ಎದೆಯುಬ್ಬಿಸಿ ಹೇಳಿದೆ. ಅವರು ಅದನ್ನು ಹಾಗೇ ಬರೆದುಕೊಂಡರು.

"ಶಾಲೆ ಆಸ್ತಿ ಬಿಚ್ಚಕ್ಕೆ ಯಾರ ಪರ್ಮಿಷನ್?"

ಸಾಹೇಬರ ಜೊತೆ ಬಂದಿದ್ದ ಹೆಡ್ ಮಾಸ್ಟರು ಗಂಟಲು ಸರಿಮಾಡಿಕೊಂಡರು. "ನನ್ನ ಗಮನಕ್ಕೇ ಬಂದಿಲ್ಲ ಸಾರ್."

ಮಿಸ್ ಹೆಡ್ ಮಾಸ್ಟರ ಮುಖವನ್ನೇ ನೋಡಿದರು. ಹಿಂದಿನಿಂದ ರೇಷ್ಮಾ ನನ್ನ ಕಡೆ ಕೈ ತೋರಿಸಿ, "ಬೀಗದ ಕೈ ಕೊಟ್ಟಿದ್ದೇ ಹೆಡ್ ಮಾಸ್ಟ್ರು ಸಾರ್. ಬಿಚ್ಚಿ ಅಂತಾನೂ ಅಂದ್ರು. ಮಂಜುಳಾನೂ ಕೇಳಿಸ್ಕೊಂಡವ್ಳೆ" ಎಂದಳು.

ಸಾಹೇಬರು ನನ್ನ ಕಡೆ ತಿರುಗಿದರು. "ಹೌದೇನಮ್ಮ?"

ಹೆಡ್ ಮಾಸ್ಟರು ನನ್ನನ್ನು ನೋಡಿದರು. ಗದರಲಿಲ್ಲ, ಸುಮ್ಮನೆ ನೋಡಿದರು. ನಾನು ನೆಲ ನೋಡಿದೆ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

"ಸುಳ್ಳು ಹೇಳೋದು ಕಲ್ತಿದೀಯ" ಎಂದರು ಸಾಹೇಬರು, ರೇಷ್ಮಾಳಿಗೆ.

ಅವತ್ತೇ ಕೋಣೆಗೆ ಬೀಗ ಬಿತ್ತು. ಸಂಕ್ರಾಂತಿಗೆ ಮೊದಲೇ ಮಿಸ್ಸನ್ನು ಅಂಬಾಜಿದುರ್ಗದ ಹತ್ತಿರದ ಯಾವುದೋ ಹಳ್ಳಿಗೆ ಹಾಕಿದರು. ಗಂಡ, ಅತ್ತೆ, ಮಗು ಎಲ್ಲ ಗೌರಿಬಿದನೂರಿನಲ್ಲಿ, ಕೆಲಸ ಜಿಲ್ಲೆಯ ಆ ತುದಿಯಲ್ಲಿ. ಹೊರಡುವ ದಿನ ನಾನು ಗೇಟಿನಲ್ಲಿ ನಿಂತಿದ್ದೆ. "ಅವತ್ತು ಭಯ ಆಯ್ತೇನೆ?" ಎಂದರು. ಹೂಂ ಮಿಸ್ ಎಂದೆ. "ನಂಗೂ ಆಗಿತ್ತು ಕಣೇ" ಎಂದು ಬಸ್ಸು ಹತ್ತಿದರು. ಕೆನ್ನೆಗೆ ಒಂದು ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೇಸಿಗೆಯಲ್ಲಿ ಗುಜರಿಯವನ ಗಾಡಿ ಬಂತು. ಕುಂಬಳಕಾಯಿಗಳನ್ನು ಎತ್ತಿ ಎಸೆದ ರಭಸಕ್ಕೆ ಒಂದರ ಗಾಜು ಒಡೆದು ಅಂಗಳವೆಲ್ಲ ಚೂರು. ಹೆಡ್ ಮಾಸ್ಟರು ನೆರಳಲ್ಲಿ ನಿಂತು, "ಮಕ್ಕಳು ತುಳಿದಾರು, ಗುಡಿಸ್ರಪ್ಪ" ಎಂದರು. ಮಕ್ಕಳ ಮೇಲೆ ಅಷ್ಟು ಕಾಳಜಿ ಅವರಿಗೆ.

ರೇಷ್ಮಾ ನನ್ನೊಂದಿಗೆ ಮಾತು ಬಿಟ್ಟಳು. ಸುಳ್ಳಿ ಎಂಬ ಹೆಸರು ಅವಳಿಗೆ ಅಂಟಿತು. ಹೆಡ್ ಮಾಸ್ಟರೇ ಅಸೆಂಬ್ಲಿಯಲ್ಲಿ ಎರಡು ಸಲ ಹಾಗೆ ಕರೆದರು. ಹತ್ತನೇ ಕ್ಲಾಸಿನ ಅರ್ಧದಲ್ಲಿ ಅವಳು ಶಾಲೆಗೆ ಬರುವುದು ನಿಂತಿತು. ಆಮೇಲೆ ಆ ಕೋಣೆಗೆ ಹೊಸ ಕಂಪ್ಯೂಟರ್‌ಗಳು ಬಂದವು. ನಾನು ಶಾಲೆ ಬಿಡುವವರೆಗೂ ಅವುಗಳ ಪ್ಲಾಸ್ಟಿಕ್ ಕವರನ್ನು ಯಾರೂ ತೆಗೆಯಲಿಲ್ಲ.

ಹೋದ ತಿಂಗಳು ಗೌರಿಬಿದನೂರು ಸ್ಟೇಷನ್ನಿನಲ್ಲಿ ರೇಷ್ಮಾ ಸಿಕ್ಕಳು. ಗಾರ್ಮೆಂಟ್ಸಿನಲ್ಲಿ ಕೆಲಸವಂತೆ. ಕೆಟ್ಟ ಮೆಷಿನ್ನುಗಳನ್ನು ಮೆಕ್ಯಾನಿಕ್ ಬರುವ ಮೊದಲೇ ಇವಳು ಸರಿಮಾಡುತ್ತಾಳಂತೆ, ಮೆಕ್ಯಾನಿಕ್ ಕೆಲಸ ಮಾತ್ರ ಕೊಡುವುದಿಲ್ಲವಂತೆ, ಓದಿಲ್ಲವೆಂದು. ನಾನು ಇಷ್ಟು ವರ್ಷ ಹೇಳಬೇಕೆಂದುಕೊಂಡದ್ದನ್ನು ಪ್ಲಾಟ್‌ಫಾರಂ ಮೇಲೆಯೇ ಹೇಳಿದೆ. ಅವಳು ಬ್ಯಾಗನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿಕೊಂಡಳು.

"ಬಿಡೆ ಮಂಜು. ಮಕ್ಕಳಾಗಿದ್ವಿ."

ರೈಲು ಬಂತು. ಅವಳು ಹತ್ತಿ ಹೋದಳು. ನಾವು ಮಕ್ಕಳಾಗಿದ್ದೆವು, ನಿಜ. ಐವತ್ತು ದಾಟಿದ ಆ ಇಬ್ಬರು ಗಂಡಸರು ಮಕ್ಕಳಾಗಿರಲಿಲ್ಲ.