ಒಂದು ಕಲ್ಲು ಉಪ್ಪು ಕಮ್ಮಿ

ಹೋದ ವಾರ ಒಂದು ಸಂಜೆ ಅಡುಗೆಮನೆಯಿಂದ ಬೆಂದ ಹುರುಳಿಯ ವಾಸನೆ ಬಂತು. ಅದು ಎಲ್ಲರಿಗೂ ಹಿಡಿಸುವ ವಾಸನೆಯಲ್ಲ. ಸ್ವಲ್ಪ ಮಣ್ಣು, ಸ್ವಲ್ಪ ಕೊಟ್ಟಿಗೆ. ನನಗೆ ಮಾತ್ರ ಅದು ಮೂಗಿಗೆ ಬಿದ್ದರೆ ಸಾಕು, ಈ ವಯಸ್ಸಿನಲ್ಲೂ ಹಸಿವಾಗುತ್ತದೆ. ಎದ್ದು ಹೋಗಿ ನೋಡಿದರೆ, ಮದುವೆಯಾಗಿ ಬಂದು ಮೂರು ತಿಂಗಳೂ ಆಗದ ಮೊಮ್ಮಗನ ಹೆಂಡತಿ, ದಾವಣಗೆರೆ ಕಡೆಯ ಹುಡುಗಿ, ಕುಕ್ಕರ್ ಬಗ್ಗಿಸಿ ಹುರುಳಿ ಬೆಂದ ನೀರನ್ನು ಸಿಂಕಿಗೆ ಸುರಿಯುತ್ತಿದ್ದಳು.

“ಅಯ್ಯೋ, ಕಟ್ಟು! ಕಟ್ಟು ಕಣೇ!” ಎಂದು ಕೂಗಿಕೊಂಡೆ. ಅವಳು ಬೆಚ್ಚಿಬಿದ್ದು ಕುಕ್ಕರನ್ನೇ ಕೈಬಿಡುವುದರಲ್ಲಿದ್ದಳು. ಅರ್ಧ ಹೋಗಿತ್ತು, ಅರ್ಧ ಉಳಿಯಿತು. ಬೈಗುಳ ಬೀಳುತ್ತದೆಂದು ಕಣ್ಣು ತುಂಬಿಕೊಂಡು ನಿಂತವಳ ಮುಂದೆ ನಾನು ನಗತೊಡಗಿದೆ. ಬೈಯುವ ಯೋಗ್ಯತೆ ನನಗೆಲ್ಲಿಂದ ಬರಬೇಕು? ಇವಳು ಚೆಲ್ಲಿದ್ದು ಅರ್ಧ. ನಾನು ಒಂದು ಕಾಲದಲ್ಲಿ ಪೂರ್ತಿ ಚೆಲ್ಲಿದವಳು...

ಯುದ್ಧದ ಕಾಲ ಅದು. ನಾನು ಮೈಸೂರಿನ ಸ್ಕೂಲ್ ಮೇಷ್ಟರ ಮಗಳು. ಅಪ್ಪನಿಗೆ ಹೊಟ್ಟೆಯ ತೊಂದರೆಯಿದ್ದುದರಿಂದ ನಮ್ಮ ಮನೆಯಲ್ಲಿ ಎರಡು ಹೊತ್ತೂ ಅನ್ನ, ತಿಳಿಸಾರು. ಹುರುಳಿ ಎಂದರೆ ಜಟಕಾ ಕುದುರೆಗೆ ಹಾಕುವ ಕಾಳು ಎಂದಷ್ಟೇ ನನಗೆ ಗೊತ್ತಿದ್ದದ್ದು. ಹದಿನೇಳು ತುಂಬುತ್ತಲೇ ಮದುವೆಯಾಗಿ ಮಂಡ್ಯದ ಹತ್ತಿರದ ಕೊತ್ತತ್ತಿಗೆ ಬಂದೆ. ಮನೆಯಲ್ಲಿ ಹೆಂಗಸರಿರಲಿಲ್ಲ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮವರು ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಪಾಳಿ ಬಿದ್ದಾಗ ಎರಡು ಮೂರು ದಿನ ಅಲ್ಲೇ ಉಳಿಯುತ್ತಿದ್ದರು. ಉಳಿದವರು ನಾನು, ಮಾವ, ಮತ್ತೆ ಒಂದು ಎಮ್ಮೆ.

ನಾಲೆ ಬಂದ ಮೇಲೆ ಆ ಕಡೆಯೆಲ್ಲ ಭತ್ತ, ಕಬ್ಬು ಬೆಳೆಯುತ್ತಿದ್ದರು, ನಿಜ. ಆದರೆ ಭತ್ತ ಮಾರುವುದಕ್ಕೆ, ರಾಗಿ ಉಣ್ಣುವುದಕ್ಕೆ. ಸಂಜೆ ಮುದ್ದೆ ಇಲ್ಲದಿದ್ದರೆ ಮಾವನಿಗೆ ಅದು ಊಟವೇ ಅಲ್ಲ. ಬಂದ ಎರಡನೆಯ ದಿನ ನಾನು ಮಾಡಿಟ್ಟ ಮುದ್ದೆಯನ್ನು ಅವರು ಮುರಿದರು. ಒಳಗಿನಿಂದ ಹಸಿ ಹಿಟ್ಟು ಪುಡಿಪುಡಿಯಾಗಿ ತಟ್ಟೆಗೆ ಉದುರಿತು. ಅದನ್ನು ಬೆರಳಲ್ಲಿ ಕೆದಕಿ ನೋಡಿ, “ಇದ್ನ ಒಲಕ್ಕೆ ಚೆಲ್ಲುದ್ರೆ ಮೊಳ್ಕೆ ಬತ್ತದೆ ಕಣವ್ವಾ” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಬೇಸಾಯಗಾರನ ಅಭಿಪ್ರಾಯ ಹೇಳಿದ್ದು. ಹಾಗಾಗಿ ಇನ್ನೂ ಹೆಚ್ಚು ಚುಚ್ಚಿತು.

ಒಂದು ವಾರ ಹೀಗೇ ನಡೆಯಿತು. ಒಂದು ದಿನ ಗಂಟು, ಮರುದಿನ ಅಂಬಲಿಯಂತೆ ನೀರು. ಕೊನೆಗೆ ಮಾವ ತೀರ್ಪು ಕೊಟ್ಟೇಬಿಟ್ಟರು. “ಬರೋ ಸನಿವಾರ ನಿಮ್ಮಪ್ಪ ನೋಡೋಕ್ ಬತ್ತಾರಲ್ಲ, ಅವತ್ತೂ ಇಂಗೇ ಆದ್ರೆ ಅವ್ರ ಜೊತೇಲಿ ಓಗಿ ನಾಕು ತಿಂಗ್ಳು ಕಲ್ತ್ಕೊಂಡು ಬಾ.” ಅವರಿಗೆ ಅದು ಸಹಜವಾದ ಮಾತು. ನನಗೆ ಹಾಗಲ್ಲ. ಮದುವೆಯಾದ ತಿಂಗಳೊಳಗೆ ಮುದ್ದೆ ಬಾರದೆ ತವರಿಗೆ ವಾಪಸು ಹೋದ ಹುಡುಗಿ ಎಂದರೆ ನಮ್ಮ ಬೀದಿಯಲ್ಲಿ ಯಾರು ತಲೆ ಎತ್ತಲು ಬಿಡುತ್ತಾರೆ? ಅಪ್ಪನ ಮುಖ ನೆನೆದು ಒಲೆಯ ಮುಂದೆ ಕೂತು ಅಳುತ್ತಿದ್ದೆ.

ಆಗ ಗೋಡೆಯೊಳಗಿಂದ ಒಂದು ದನಿ ಬಂತು. “ಅಳ್ತಾ ಕುಂತ್ರೆ ನೀರು ಮರಳ್ತದಾ? ಸೌದೆ ಮುಂದಕ್ಕೆ ತಳ್ಳವ್ವ.”

ಗೋಡೆಯ ವಿಷಯ ಸ್ವಲ್ಪ ಹೇಳಬೇಕು. ಒಂದಾಗಿದ್ದ ಮನೆಯನ್ನು ಮಾವ ಮತ್ತು ಅವರ ಅಣ್ಣ ಆರು ವರ್ಷದ ಹಿಂದೆ ಪಾಲು ಮಾಡಿಕೊಂಡಿದ್ದರು. ಅಡುಗೆಮನೆಯ ನಡುವೆಯೇ ಗೋಡೆ ಎದ್ದಿತ್ತು. ನೆಲದಲ್ಲಿ ಹೂತಿದ್ದ ಒರಳುಕಲ್ಲು ಅಣ್ಣನ ಪಾಲಿಗೆ ಹೋಯಿತೆಂದು ಶುರುವಾದ ಜಗಳದಲ್ಲಿ ಎರಡು ಮನೆಗೂ ಮಾತು ಬಿಟ್ಟಿತ್ತು. ಆಮೇಲೆ ಅಣ್ಣ ಸತ್ತರು. ಮಾವ ಹೆಗಲು ಕೊಟ್ಟರು, ತಿಥಿಯಲ್ಲಿ ಓಡಾಡಿದರು, ಅತ್ತಿಗೆಯ ಜೊತೆ ಮಾತ್ರ ಆಡಲಿಲ್ಲ. ಗೋಡೆಯಾಚೆ ಒಬ್ಬರೇ ಇದ್ದ ಆ ಅತ್ತಿಗೆಯೇ ನನಗೆ ದೊಡ್ಡತ್ತೆ.

ಗೋಡೆಯಲ್ಲಿ, ನಿಂತರೆ ಹಣೆಯ ಮಟ್ಟಕ್ಕೆ, ಆಚೆ ಈಚೆ ತೆರೆದ ಒಂದು ಗೂಡಿತ್ತು. ಅದರಲ್ಲಿ ಒಂದೇ ಬುಡ್ಡಿ ದೀಪ. ಸೀಮೆಎಣ್ಣೆ ದುಬಾರಿಯಾದ್ದರಿಂದ ಒಂದು ದೀಪ ಎರಡು ಅಡುಗೆಮನೆಗೆ ಬೆಳಕು ಕೊಡುತ್ತಿತ್ತು. ಒಂದು ದಿನ ನಮ್ಮ ಎಣ್ಣೆ, ಮರುದಿನ ಅವರ ಎಣ್ಣೆ. ಮಾತು ಬಿಟ್ಟ ಆರು ವರ್ಷದಲ್ಲಿ ಈ ಸರದಿ ಒಂದು ದಿನವೂ ತಪ್ಪಿರಲಿಲ್ಲವಂತೆ. ಹೇಳಲೇಬೇಕಾದ ವಿಷಯವಿದ್ದರೆ ಮಾವ ಹಿತ್ತಿಲಿಗೆ ಹೋಗಿ, ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು, “ನಾಳೀಕೆ ನಾಲೇಲಿ ನೀರು ಬುಡ್ತಾರಂತೆ, ಕೇಳುಸ್ತಾ?” ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಆಚೆ ಹಿತ್ತಿಲಿನಿಂದ ದೊಡ್ಡತ್ತೆ ತಮ್ಮ ಕೋಳಿಗಳಿಗೆ ಉತ್ತರ ಹೇಳುತ್ತಿದ್ದರು. ಇಷ್ಟೆಲ್ಲ ಇದ್ದೂ ನಾನು ಬಂದ ದಿನವೇ ಮಾವ ಎಚ್ಚರಿಸಿದ್ದರು: ಆ ಮನೆಯಿಂದ ಒಂದು ಕೆಂಡವನ್ನೂ ತರಕೂಡದು.

ಕೆಂಡ ತರಕೂಡದು ಎಂದಿದ್ದರು. ಬುದ್ಧಿ ತರಕೂಡದು ಎಂದಿರಲಿಲ್ಲವಲ್ಲ! ಅಂದಿನಿಂದ ಪ್ರತಿ ಸಂಜೆ ನನಗೆ ಗೋಡೆಯಿಂದ ಪಾಠವಾಯಿತು. ದೊಡ್ಡತ್ತೆಗೆ ನನ್ನ ಒಲೆ ಕಾಣುತ್ತಿರಲಿಲ್ಲ. ಅವರು ಕಿವಿಯಲ್ಲೇ ಅಡುಗೆ ನೋಡುತ್ತಿದ್ದರು. ಎಸರು ಕುದಿಯುವ ಸದ್ದು ಕೇಳಿ, “ಇನ್ನೂ ಸಾಲ್ದು, ಕೊತ ಕೊತ ಅನ್ನಲಿ” ಎನ್ನುತ್ತಿದ್ದರು. ಹಿಟ್ಟು ಸುರಿದು ನಡುವೆ ಕೋಲು ನಿಲ್ಲಿಸಿದ ಮೇಲೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಅದೂ ಅವರಿಗೆ ಕೇಳಿಸುತ್ತಿತ್ತು. “ಕೋಲು ಮುಟ್ಬ್ಯಾಡ ಅಂದಿಲ್ವಾ? ಬೇಯೋಗಂಟ ಅದರ ಪಾಡಿಗೆ ಬುಡು.” ಮಾವನ ಚಪ್ಪಲಿ ಸದ್ದು ಕೇಳಿದರೆ ಮಾತು ನಿಲ್ಲಿಸಿ ಒಂದು ಕೆಮ್ಮು. ಗೂಡಿನಲ್ಲಿ ಬತ್ತಿ ಸರಿಮಾಡುವಾಗ ಅವರ ಕೈ ಕಾಣುತ್ತಿತ್ತು. ಹಚ್ಚೆ ಹುಯ್ಯಿಸಿಕೊಂಡ ಮಣಿಕಟ್ಟು, ಸವೆದ ಉಗುರು. ಮುಖಕ್ಕಿಂತ ಆ ಕೈಯೇ ನನಗೆ ಹೆಚ್ಚು ಪರಿಚಯವಾಗಿತ್ತು.

ಮುದ್ದೆಯ ಜೊತೆಗೆ ಬೇರೆ ಪಾಠಗಳೂ ಬಂದವು. ನುಗ್ಗೆಸೊಪ್ಪಿನ ಕಡ್ಡಿಗಳನ್ನು ಒಣಗಿಸಿದರೆ ಒಲೆ ಹೊತ್ತಿಸಲು ಆಗುತ್ತದೆ. ಹಲಸಿನ ಬೀಜವನ್ನು ಬೂದಿಯಲ್ಲಿ ಹೊರಳಿಸಿಟ್ಟರೆ ಮಳೆಗಾಲಕ್ಕೆ ಸಾರಿಗಾಗುತ್ತದೆ. ರಾತ್ರಿ ಉಳಿದ ಮುದ್ದೆ ಬೆಳಿಗ್ಗೆ ಮಜ್ಜಿಗೆಗೆ. ಕಬ್ಬಿನ ತರಗು ಧಗ್ಗನೆ ಉರಿದು ಹೋಗುತ್ತದೆ, ಅದನ್ನು ನಂಬಿ ಹುರುಳಿ ಬೇಯಲು ಇಡಬಾರದು. ಯಾವುದನ್ನೂ ಅವರು ಉಳಿತಾಯ ಎಂದು ಕರೆಯಲಿಲ್ಲ. “ಬಿಸಾಕಕ್ಕೆ ಅದೇನು ತಪ್ಪು ಮಾಡ್ಯದೆ?” ಎನ್ನುತ್ತಿದ್ದರು, ಅಷ್ಟೇ.

ಶನಿವಾರ ಬಂತು. ಅಪ್ಪ ಮಂಡ್ಯದವರೆಗೆ ರೈಲಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಂದು ಇಳಿದರು. ಮೈಮೇಲೆಲ್ಲ ಧೂಳು, ಕೈಯಲ್ಲಿ ಮೈಸೂರಿನ ವೀಳ್ಯದೆಲೆ. ದೊಡ್ಡತ್ತೆಯೂ ನಾನೂ ಆ ಸಂಜೆ ಒಂದೇ ಅಡುಗೆ ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಹುರುಳಿ ಬಸ್ಸಾರು. ಅವರು ಒಂದೊಂದು ಹೆಜ್ಜೆ ಮುಂದೆ, ನಾನು ಹಿಂದೆ. ಮುದ್ದೆ ತಿರುವಿದೆ. ಹಲಗೆಯ ಮೇಲೆ ನೀರು ಚಿಮುಕಿಸಿ ಕಟ್ಟಿದೆ. ಹೊಳೆಯುವ ಮುದ್ದೆಗಳು! ನನ್ನ ಕೈಯೇ ಎಂದು ನನಗೇ ನಂಬಿಕೆ ಬರಲಿಲ್ಲ. ಹುರುಳಿ ಬಸಿದು ಕಾಳಿಗೆ ಒಗ್ಗರಣೆಯನ್ನೂ ಹಾಕಿದೆ.

“ಈಗ ಕಾರ ಕಲ್ಸಿ ಕಟ್ಟನ್ನ ಒಲೆ ಮ್ಯಾಲೆ ಮಡಗವ್ವ” ಎಂದರು ಗೋಡೆಯಾಚೆಯಿಂದ.

“ಯಾವ ಕಟ್ಟು, ದೊಡ್ಡತ್ತೆ?”

“ಬಸ್ದಿಲ್ವಾ, ಆ ನೀರು!”

ನಾನು ಹಿತ್ತಿಲ ಬಾಗಿಲ ಕಡೆ ನೋಡಿದೆ. ಅನ್ನದ ಗಂಜಿಯಾಗಲಿ, ಅಕ್ಕಿ ತೊಳೆದ ನೀರಾಗಲಿ, ನಮ್ಮ ತವರಿನಲ್ಲಿ ಬಸಿದದ್ದೆಲ್ಲ ಹಸುವಿನ ಕಲಗಚ್ಚಿಗೆ. ಕುದುರೆ ಕಾಳು ಬೆಂದ ಆ ಕೆಂಪು ನೀರನ್ನು ಮನುಷ್ಯರು ಉಣ್ಣುತ್ತಾರೆಂದು ನನಗೆ ಹೇಗೆ ಹೊಳೆಯಬೇಕು? ಕೊತ್ತತ್ತಿಯ ಮಗು ಕೂಡ ಮಾಡದ ತಪ್ಪು ಅದು. ಬಸಿಯುವುದೇ ಆ ನೀರಿಗಾಗಿ ಎಂಬುದು ಎಲ್ಲರಿಗೂ ಎಷ್ಟು ಗೊತ್ತಿತ್ತೆಂದರೆ, ದೊಡ್ಡತ್ತೆಗೆ ಅದನ್ನು ಹೇಳಬೇಕೆಂದೇ ತೋರಿರಲಿಲ್ಲ. ಹಿತ್ತಿಲಲ್ಲಿ ಎಮ್ಮೆ ಖಾಲಿ ಬಾನಿಯನ್ನು ನೆಕ್ಕುತ್ತ ನಿಂತಿತ್ತು.

“ಎಮ್ಮೆಗೆ ಹಾಕ್ಬಿಟ್ಟೆ...” ಎಂದೆ.

ಗೋಡೆಯಾಚೆ ಉಸಿರು ಕಟ್ಟಿದಂತೆ ಏನೋ ಕೇಳಿಸಿತು. ಅಳುತ್ತಿದ್ದಾರೇನೋ ಎಂದು ಹೆದರಿದೆ. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು! ನಡುಮನೆಯಲ್ಲಿ ತಟ್ಟೆ ಹಾಕಿಕೊಂಡು ಮಾವ, ಅಪ್ಪ ಕೂತಾಗಿತ್ತು. ಸಾರಿಲ್ಲದ ಮುದ್ದೆಯನ್ನು ಹೇಗೆ ಬಡಿಸಲಿ? ನಾಳೆಯ ರೈಲು ನನಗೆ ಕಣ್ಣೆದುರಿಗೇ ಕಾಣಿಸಿತು.

“ದೀಪ ತಗೀತೀನಿ. ಪಾತ್ರೆ ಗೂಡಿನ್ ಬಾಯ್ಗೆ ಇಡ್ಕೊ” ಎಂದರು ದೊಡ್ಡತ್ತೆ.

ದೀಪ ಆಚೆ ಇಳಿಯಿತು, ನಮ್ಮ ಅಡುಗೆಮನೆ ಕತ್ತಲಾಯಿತು. ಚೊಂಬು ಹಿಡಿಸದ ಆ ಗೂಡಿನಲ್ಲಿ ತೆಂಗಿನ ಚಿಪ್ಪೊಂದು ತೂರಿಬಂತು, ಅದರ ತುಂಬ ಬಿಸಿ ಸಾರು. ಮೊದಲ ಚಿಪ್ಪು ನನ್ನ ಮೊಣಕೈ ಮೇಲೆ ಚೆಲ್ಲಿತು. ಕಮಕ್ ಕಿಮಕ್ ಎನ್ನದೆ ಎರಡನೆಯದನ್ನು ಹಿಡಿದೆ. ಚಿಪ್ಪಿನ ಹಿಂದೆ ಚಿಪ್ಪು...

“ಯಾಕವ್ವಾ, ದೀಪ ಕೆಟ್ಟೋಯ್ತಾ?” ಎಂದರು ಮಾವ.

“ಬತ್ತಿ ಸರಿಮಾಡ್ತಿದೀನಿ, ಮಾವ.” ಆ ಮನೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು.

ಬಡಿಸಿದೆ. ಮಾವ ಮುದ್ದೆ ಮುರಿದರು. ಹಿಟ್ಟು ಉದುರಲಿಲ್ಲ. ಒಂದು ತುತ್ತನ್ನು ಸಾರಿನಲ್ಲಿ ಹೊರಳಿಸಿ ನುಂಗಿದರು. ಕೈ ಅಲ್ಲೇ ನಿಂತಿತು. ಇನ್ನೊಂದು ತುತ್ತು ನುಂಗಿದರು. ನನ್ನ ಮುಖ ನೋಡಿದರು, ನನ್ನ ಒದ್ದೆಯಾದ ತೋಳು ನೋಡಿದರು. ಕೆಂಡವನ್ನೂ ತರಬೇಡ ಎಂದ ಮನೆಯಿಂದ ಒಂದು ಪಾತ್ರೆ ಸಾರನ್ನೇ ತಂದಿದ್ದೆ. ಇನ್ನು ನನ್ನ ಕಥೆ ಮುಗಿಯಿತೆಂದು ಬಾಗಿಲಿಗೆ ಒರಗಿ ನಿಂತೆ.

ಮಾವ ಆ ಮುದ್ದೆ ಮುಗಿಸಿದರು. ಇನ್ನೊಂದು ಹಾಕಿಸಿಕೊಂಡರು. ಅದೂ ಮುಗಿದ ಮೇಲೆ ಅಡುಗೆಮನೆಯ ಗೋಡೆಯ ಕಡೆಗೆ ತಿರುಗಿ, ಎಮ್ಮೆಯ ಹಂಗಿಲ್ಲದೆ, ಗಟ್ಟಿಯಾಗಿ ಕರೆದರು. “ಅತ್ಗೇ... ಉಪ್ಪು ಒಂದ್ಕಲ್ಲು ಕಮ್ಮಿ.”

ಆಚೆ ಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ದೊಡ್ಡತ್ತೆಯ ದನಿ, ಸೋಲದ ದನಿ, ಗೂಡಿನಿಂದ ಬಂತು. “ನಾಳೀಕೆ ಕಾಯ್ಸುದ್ರೆ ಸರಿಯೋಯ್ತದೆ.”

ಮಾವ ಕೈ ತೊಳೆಯುತ್ತ ಅಪ್ಪನಿಗೆ ಹೇಳಿದರು. “ಮಗೀನ ಕರ್ಕೊಂಡೋಗ್ಬ್ಯಾಡಿ ಬೀಗ್ರೇ. ಕಲ್ಸೋರು ಇಲ್ಲೇ ಅವ್ರೆ.” ನನ್ನನ್ನು ಕರೆದೊಯ್ಯುವ ವಿಷಯವೇ ತಿಳಿಯದ ಅಪ್ಪ, ಬಾಯಲ್ಲಿ ತುತ್ತಿಟ್ಟುಕೊಂಡು ಪಿಳಿಪಿಳಿ ನೋಡಿದರು. ಹೊಟ್ಟೆಯ ತೊಂದರೆಯ ಆ ಮನುಷ್ಯ ಅಂದು ಮೂರು ಮುದ್ದೆ ಉಂಡರು. ಏನೂ ಆಗಲಿಲ್ಲ.

ಮರುದಿನ ಮಾವನೇ ನನ್ನನ್ನು ಕಾರ ಅರೆಯಲು ಆಚೆ ಮನೆಯ ಒರಳಿಗೆ ಕಳಿಸಿದರು. ಹೋಗಿ ನೋಡಿದರೆ ದೊಡ್ಡತ್ತೆಯ ಸಾರಿನ ಮಡಕೆ ತೊಳೆದು ಬೋರಲಾಗಿತ್ತು. ಮೂರು ಸಂಜೆಗೆಂದು ಮಾಡಿದ್ದ ಸಾರನ್ನು ಚಿಪ್ಪಿನಲ್ಲಿ ಪೂರ್ತಿ ನನಗೆ ದಾಟಿಸಿ, ಅವರು ಉಪ್ಪು, ಮೆಣಸಿನಕಾಯಿ ನಂಚಿಕೊಂಡು ಮುದ್ದೆ ಉಂಡಿದ್ದರು. ಉಪ್ಪು ಯಾಕೆ ಕಮ್ಮಿ ಹಾಕುವುದೆಂದು ಕೇಳಿದೆ. ದಿನಾ ಕಾಯಿಸಿದಂತೆ ಸಾರು ಬತ್ತುತ್ತದೆ, ಉಪ್ಪು ಬತ್ತುವುದಿಲ್ಲ. ಆದ್ದರಿಂದ ಮೊದಲ ದಿನ ಒಂದು ಕಲ್ಲು ಕಮ್ಮಿಯೇ ಇರಬೇಕು ಎಂದರು. ಆಮೇಲೆ ಗುಂಡುಕಲ್ಲು ತಿರುಗಿಸುತ್ತ ಇನ್ನೊಂದು ಮಾತು ಹೇಳಿದರು. “ಗೋಡೆ ಕಟ್ಟುವಾಗ, ಎಣ್ಣೆ ಉಳೀತದೆ, ಆ ತೂತು ಬುಡ್ರಪ್ಪ ಅಂದೋನು ನಿಮ್ಮಾವ್ನೇ ಕಣವ್ವಾ.”

ಆಮೇಲೆ ಮೂರು ನಾಲ್ಕು ವರ್ಷ ನಾವು ಎರಡು ಒಲೆಯಲ್ಲಿ ಒಂದೇ ಅಡುಗೆ ಮಾಡಿದೆವು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಮಾಗಿಯಲ್ಲಿ ಎರಡು ದಿನದ ಜ್ವರಕ್ಕೆ ದೊಡ್ಡತ್ತೆ ಹೋಗಿಬಿಟ್ಟರು. ಆಮೇಲೂ ಮಾವ ಗೂಡಿನ ದೀಪಕ್ಕೆ ದಿನಾ ಎಣ್ಣೆ ಹಾಕುತ್ತಿದ್ದರು. ದೊಡ್ಡತ್ತೆಯ ಸರದಿಯ ದಿನವೂ. ಆಚೆ ಅಡುಗೆಮನೆಯಲ್ಲಿ ಯಾರೂ ಇಲ್ಲದಿದ್ದರೂ ಅಲ್ಲಿ ಬೆಳಕಿರುತ್ತಿತ್ತು...

ಹೋದ ವಾರ ಉಳಿದ ಅರ್ಧ ಕಟ್ಟಿಗೇ ಆ ಹುಡುಗಿಯಿಂದ ಕಾರ ಅರೆಸಿ, ಪಕ್ಕದಲ್ಲಿ ನಿಂತು ಸಾರು ಮಾಡಿಸಿದೆ. ಉಪ್ಪು ನಾನೇ ಹಾಕಿದೆ. ಊಟಕ್ಕೆ ಕೂತ ಮೊಮ್ಮಗ ಮೊದಲ ತುತ್ತಿಗೇ, “ಅಜ್ಜಿ, ಉಪ್ಪು ಒಂಚೂರು ಕಮ್ಮಿ” ಎಂದ. ಹುಡುಗಿ ಉಪ್ಪಿನ ಡಬ್ಬಿ ತರಲು ಎದ್ದಳು. ನಾನು ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿ ಕಾದೆ. ಗೋಡೆಯಾಚೆ ಪಕ್ಕದ ಮನೆಯವರ ಟಿವಿ ಓಡುತ್ತಿತ್ತು.

“ಕುಂತ್ಕೊ ಮಗಾ, ನಾಳೀಕೆ ಕಾಯ್ಸುದ್ರೆ ಸರಿಯೋಯ್ತದೆ” ಎಂದೆ. ಇನ್ನು ಆ ಮಾತನ್ನು ನಾನೇ ಹೇಳಬೇಕು.