ಕೆಂಪು ದಾರದ ಮೇಕೆ ಮಾರಾಟಕ್ಕಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡಿಯ ತೊಲೆಗೆ ಕಟ್ಟಿದ ತಕ್ಕಡಿಯ ಜೋಲಿಯಲ್ಲಿ ಹೋತವೊಂದು ನಾಲ್ಕೂ ಕಾಲು ಇಳಿಬಿಟ್ಟು, ಮುಖ ಗಂಟು ಹಾಕಿಕೊಂಡು ನೇತಾಡುತ್ತಿದೆ. ‘ಇಪ್ಪತ್ತೇಳೂವರೆ’ ಎನ್ನುತ್ತಾರೆ ತಕ್ಕಡಿ ಅಕ್ಕ. ಅವರ ಅತ್ತೆ ಅದನ್ನು ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಮೇವು, ನೀರು ಮುಟ್ಟುವ ಮೊದಲೇ ತೂಕ ಮುಗಿಯಬೇಕು. ಹೊಟ್ಟೆ ತುಂಬಿಸಿ ತೂಗಿದರೆ ಕೊಳ್ಳುವವನಿಗೆ ನೀರು ಮಾರಿದ ಹಾಗೆ ಎಂಬುದು ಅಕ್ಕನ ನಿಯಮ.

ಊರವರು ಗೇಲಿಗೆಂದು ಇಟ್ಟ ‘ತಕ್ಕಡಿ ಅಕ್ಕ’ ಎಂಬ ಹೆಸರು ಈಗ ಗೌರವಕ್ಕೆ ತಿರುಗಿದೆ. ಇರುವುದು ಮೂರು ಎಕರೆ, ಮೂವತ್ತೆಂಟು ಮೇಕೆ. ಮೇಯಿಸುವುದು, ಸೊಪ್ಪು ಕಡಿಯುವುದು ಗಂಡನ ಪಾಲು. ಯಾವುದನ್ನು, ಯಾವಾಗ, ಯಾರಿಗೆ, ಎಷ್ಟಕ್ಕೆ ಎಂಬುದೆಲ್ಲ ಅಕ್ಕನದು. ‘ಯಾರಾದ್ರೂ ಸ್ವಲ್ಪ ಗೋಗರೆದ್ರೆ ನಾನು ಅರ್ಧ ಬೆಲೆಗೆ ಕೊಟ್ಟುಬಿಡ್ತೀನಿ. ಅದಕ್ಕೇ ವ್ಯಾಪಾರದ ಹತ್ರ ನನ್ನ ಸುಳಿಯೋಕೇ ಬಿಡಲ್ಲ’ ಎಂದು ಗಂಡ ನಗುತ್ತಾರೆ.

ಅಕ್ಕ ವ್ಯಾಪಾರ ಕಲಿತದ್ದೂ ಕೈ ಸುಟ್ಟುಕೊಂಡೇ. ಶುರುವಿನಲ್ಲಿ ಯಾವುದು ಮೈತುಂಬಿಕೊಂಡಿತ್ತೋ ಅದನ್ನೇ ಮೊದಲು ಮಾರಿದರು. ಒಳ್ಳೆಯ ಬೆಲೆಯೂ ಬಂತು. ನಾಲ್ಕನೇ ವರ್ಷ ನೋಡಿದರೆ ದೊಡ್ಡಿಯ ತುಂಬ ನರಪೇತಲ ಮೇಕೆಗಳು, ಹುಟ್ಟುವ ಮರಿಗಳೂ ಹಾಗೆಯೇ. ‘ಚೆನ್ನಾಗಿರೋ ತಾಯಂದಿರನ್ನೆಲ್ಲ ನಾನೇ ಕೈಯಾರೆ ಗಾಡಿ ಹತ್ಸಿದ್ದೆ. ಅವತ್ತು ಗೋದಲಿ ಪಕ್ಕ ಕೂತು ಅತ್ತುಬಿಟ್ಟೆ. ಮಾರನೇ ದಿನ ಹೋಗಿ ತಕ್ಕಡಿ ತಗೊಂಡೆ’ ಎನ್ನುತ್ತಾರೆ. ಆಗಿನಿಂದ, ಅವಳಿ ಹಾಕಿ ಎರಡನ್ನೂ ಚೆನ್ನಾಗಿ ಬೆಳೆಸಿದ ಮೇಕೆಯ ಕೊರಳಿಗೆ ಕೆಂಪು ದಾರ ಬೀಳುತ್ತದೆ. ದಾರ ಬಿದ್ದದ್ದು ಮಾರಾಟಕ್ಕಿಲ್ಲ. ಈಗ ಅಂಥವು ಹನ್ನೊಂದು.

ಇವತ್ತು ಒಂಬತ್ತು ಹೋತಗಳು ಹೋಗಲೇಬೇಕು. ಉಳಿದಿರುವ ಮೇವು ಇಪ್ಪತ್ತೊಂಬತ್ತಕ್ಕೆ ಮಾತ್ರ ಸಾಲುತ್ತದೆ. ಏಳರ ಹೊತ್ತಿಗೆ ಗಾಡಿ ತಂದ ವ್ಯಾಪಾರಿ ಹೋತಗಳನ್ನು ಬಿಟ್ಟು ನೇರ ಬಿಳಿಕಿವಿಯ ಮೇಕೆಯ ಬೆನ್ನ ಮೇಲೆ ಕೈಯಿಡುತ್ತಾರೆ. ಅದರ ಕೊರಳಲ್ಲಿ ಕೆಂಪು ದಾರವಿದೆ.

‘ಇದನ್ನೂ ಸೇರ್ಸಮ್ಮ. ಕೇಳಿದಷ್ಟು ಕೊಡ್ತೀನಿ.’

‘ಅದು ಕೊಡೋದಲ್ಲ.’

‘ಹಾಗಾದ್ರೆ ಒಂಬತ್ತೂ ಬೇಡ ಬಿಡು.’

ಗಂಡ ನೆಲ ನೋಡುತ್ತಾರೆ. ಅಕ್ಕ ‘ನಿಮ್ಮಿಷ್ಟ’ ಎಂದು ಜೋಲಿ ಮಡಚಲು ತೊಡಗುತ್ತಾರೆ. ವ್ಯಾಪಾರಿ ಗಾಡಿ ಹತ್ತುತ್ತಾರೆ, ಇಂಜಿನ್ ಗುಡುಗುಡು ಎನ್ನುತ್ತದೆ. ಗೇಟಿನವರೆಗೆ ಹೋದ ಗಾಡಿ ಅಲ್ಲೇ ನಿಲ್ಲುತ್ತದೆ. ಕಿಟಕಿಯಿಂದ ತಲೆಯೊಂದು ಹೊರಬರುತ್ತದೆ. ‘ಒಂಬತ್ತೂ ಸೇರಿ ತೂಕ ಎಷ್ಟಂದೆ?’

‘ಹಲಗೆ ಮೇಲಿದೆ, ಓದ್ಕೊಳ್ಳಿ’ ಎನ್ನುತ್ತಾರೆ ಅತ್ತೆ, ಸೊಸೆಗಿಂತ ಮೊದಲೇ.

ಹೋತಗಳು ಹೋದ ಮೇಲೆ ಅಕ್ಕ ಬಿಳಿಕಿವಿಯ ಕೊರಳಿನ ದಾರ ಸಡಿಲಿಸಿ ಕಟ್ಟುತ್ತಾರೆ. ಮೇಕೆ ಬೆಳೆದಿದೆ, ದಾರ ಬಿಗಿಯಾಗಿತ್ತು.

‘ಇವಳ ಅಜ್ಜಿ ಆ ನರಪೇತಲ ವರ್ಷದವಳು. ಈ ಮನುಷ್ಯನೇ ಅವಳನ್ನ ಪುಕ್ಕಟೆ ಕೊಟ್ರೂ ಬೇಡ ಅಂದಿದ್ದ. ಇವತ್ತು ಮೊಮ್ಮಗಳನ್ನ ಬಾಯಿಬಿಟ್ಟು ಕೇಳಿದ’ ಎಂದು ಗಂಟು ಎಳೆದು ನೋಡುತ್ತಾರೆ. ‘ಕೊಡಲ್ಲ ಅನ್ನೋ ಭಾಗ್ಯ ನಂದಾಯ್ತು.’