ಬ್ಯಾರನ್ನಿನಲ್ಲಿ ಕೂಗಿದ ಆಲ್ಬಂ

ಮೊನ್ನೆ ಹಾಸನದ ನಮ್ಮ ಮನೆಗೆ ಅಂಚೆಯಲ್ಲಿ ಒಂದು ಕ್ಯಾಸೆಟ್ ಬಂತು. ಹೌದು, ಈ ಕಾಲದಲ್ಲಿ ಕ್ಯಾಸೆಟ್ಟೇ. ಹದಿನೈದು ವರ್ಷದ ಹಿಂದೆ ನಾವಿಬ್ಬರು ಗೆಳೆಯರು ಮಾಡಿ, ಇಂಟರ್ನೆಟ್ಟಿಗೆ ಹಾಕಿ ಮರೆತಿದ್ದ ಆಲ್ಬಮ್ಮನ್ನು ದೂರದೇಶದ ಯಾರೋ ಅಭಿಮಾನಿ ಹುಡುಕಿ ತೆಗೆದು, ಕೆಲವು ಪ್ರತಿ ಮಾಡಿಸಿ, ನಮಗೂ ಒಂದೊಂದು ಕಳಿಸಿದ್ದ. ಹಳೇ ಟೇಪ್‌ರೆಕಾರ್ಡರಿನಲ್ಲಿ ಹಾಕಿದೆ. ನನ್ನ ಹೆಂಡತಿ ಓಡಿಬಂದು, "ರೀ, ಮಿಕ್ಸಿ ಸುಟ್ಟೋಯ್ತು ಅಂದ್ಕೊಂಡೆ" ಎಂದಳು.

ಅವಳ ತಪ್ಪಿಲ್ಲ. ಬ್ಲ್ಯಾಕ್ ಮೆಟಲ್ ಎಂಬ ಸಂಗೀತವೇ ಹಾಗೆ. ಅದರಲ್ಲೂ ಹಳೇ ಕಾಲದ ಹಸಿ ಬಗೆಯದಾದರೆ ಗಿಟಾರು ಗರಗಸದಂತೆ ಕೊಯ್ಯಬೇಕು, ಡ್ರಮ್ಮು ತಗಡಿನ ಮೇಲೆ ಆಲಿಕಲ್ಲು ಸುರಿದಂತಿರಬೇಕು, ಹಾಡುವವನ ಗಂಟಲು ಹರಿದೇಹೋಯಿತೇನೋ ಅನ್ನಿಸಬೇಕು. ರೆಕಾರ್ಡಿಂಗ್ ಚೆನ್ನಾಗಿದ್ದರೆ ಅದೇ ಲೋಪ. ಆ ಲೋಪ ನಮ್ಮದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಹಾಡಿದವನು ಚನ್ನರಾಯಪಟ್ಟಣದ ಶ್ರೇಯಾಂಸ. ಬಟ್ಟೆ ಅಂಗಡಿಯ ಜೈನ ಕುಟುಂಬದವನು. ಕತ್ತಲೆಯ ಬಗ್ಗೆ ಪದ ಬರೆಯುತ್ತಿದ್ದರೂ ಹೊತ್ತು ಮುಳುಗಿದ ಮೇಲೆ ಊಟ ಮುಟ್ಟುತ್ತಿರಲಿಲ್ಲ. ಹಾಗಾಗಿ ನಮ್ಮ ಘೋರ ಸಂಗೀತವೆಲ್ಲ ಸಂಜೆ ಐದಕ್ಕೇ ಮುಗಿಯುತ್ತಿತ್ತು. ಅವನಿಗೆ ಉಗ್ಗು. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಮುಖ ಕೆಂಪಾಗುತ್ತಿತ್ತು. ಕಾಲೇಜಿನಲ್ಲಿ ಪಕ್ಕ ಕೂರುತ್ತಿದ್ದ ನಾನು ಹೊಳೆನರಸೀಪುರದ ಬಾಯಿಬಡುಕ. ಅವನ ಮಾತನ್ನೆಲ್ಲ ನಾನೇ ಮುಗಿಸಿಕೊಡುತ್ತಿದ್ದೆ. ಬಸ್ಸಿನಲ್ಲಿ ಅವನ ಟಿಕೆಟ್ ನಾನೇ ಕೇಳುತ್ತಿದ್ದೆ. ಹೋಟೆಲಿನಲ್ಲಿ ಅವನು "ಖಾ..." ಎಂದಕೂಡಲೇ ಖಾಲಿ ದೋಸೆ ಹೇಳಿಬಿಡುತ್ತಿದ್ದೆ. ಅವನಿಗೆ ಬೇಕಿದ್ದದ್ದು ಖಾರಾಬಾತ್ ಎಂದು ಗೊತ್ತಾಗಲು ಎರಡು ವರ್ಷ ಹಿಡಿಯಿತು. ಇದನ್ನೆಲ್ಲ ನಾನು ಉಪಕಾರವೆಂದು ತಿಳಿದಿದ್ದೆ ನೋಡಿ.

ಕೂಗುವಾಗ ಮಾತ್ರ ಅವನಿಗೆ ಉಗ್ಗು ಇರಲಿಲ್ಲ.

ಅರಕಲಗೂಡಿನ ಕಡೆ ನನ್ನ ಸೋದರತ್ತೆ ಪುಟ್ಟಗೌರಮ್ಮನ ಹೊಲದಲ್ಲಿ ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ ಇತ್ತು. ಎತ್ತರದ ಗೋಡೆಗಳ ಒಂದೇ ಕೋಣೆ. ಸೊಪ್ಪಿನ ಕಾಲ ಮುಗಿದು ಖಾಲಿ ಬಿದ್ದಿತ್ತು. "ಅದೇನ್ ಬಡ್ಕೋತೀರೋ ಬಡ್ಕಳಿ, ಬೀಡಿಗೀಡಿ ಸೇದ್ಬ್ಯಾಡಿ" ಎಂದು ಅತ್ತೆ ಬೀಗದಕೈ ಕೊಟ್ಟಳು. ಒಂದು ಭಾನುವಾರ ಮೊಬೈಲನ್ನು ಮೂಲೆಯಲ್ಲಿ ನಿಲ್ಲಿಸಿ ಶುರುಮಾಡಿದೆವು. ನಾನು ಡ್ರಮ್ಮು, ಅವನು ಗಿಟಾರು ಮತ್ತು ಕೂಗು.

ಮೂರನೆಯ ಹಾಡಿನ ನಡುವೆ ಬಾಗಿಲು ದಡಾರನೆ ತೆರೆಯಿತು. ಪಕ್ಕದ ಹೊಲದ ನಾಲ್ಕೈದು ಜನ, ಕೈಯಲ್ಲಿ ಗುದ್ದಲಿ, ದೊಣ್ಣೆ. ಹಿಂದೆ ಏದುಸಿರು ಬಿಡುತ್ತ ಅತ್ತೆ.

"ಯಾರ್ನ್ಲಾ ಒಡೀತಿದ್ದೀರಿ?" ಎಂದು ಮುಂದಿದ್ದ ಹಿರಿಯ ಗದರಿದ.

"ಯಾರ್ನೂ ಇಲ್ಲಣ್ಣ, ಇದು ಹಾಡು" ಎಂದೆ.

"ಇದು ಆಡಾ?" ಆತ ಶ್ರೇಯಾಂಸನ ಕಡೆ ತಿರುಗಿದ. "ಯಾಕಪ್ಪ ಅಂಗ್ ಅರಚ್ತಿದ್ದೆ?"

"ನ... ನ..." ಶ್ರೇಯಾಂಸ ಸಿಕ್ಕಿಕೊಂಡ.

"ಅವನಿಗೆ ಮಾತು ಸರಿಯಾಗಿ..." ಎಂದು ನಾನು ಎಂದಿನಂತೆ ಬಾಯಿ ಹಾಕಿದೆ.

"ನೀನ್ ಸುಮ್ಕಿರ್ಲಾ" ಎಂದಳು ಅತ್ತೆ. "ಕೇಳಿರಾದು ಅವ್ನುನ್ನ. ಅವ್ನೇ ಏಳ್ಲಿ. ನಮ್ಗೇನ್ ಬಸ್ಸು ತಪ್ಪೋಯ್ತದಾ?"

ಯಾರೂ ನಗಲಿಲ್ಲ. ಹಿರಿಯ ಗುದ್ದಲಿ ಊರಿ ನಿಂತ. ಎಷ್ಟು ಹೊತ್ತಾಯಿತೋ, ನನಗಂತೂ ಯುಗ. "ನನ್ಗೆ ಮಾ... ಮಾತು ಗಂಟ್ಲಲ್ಲೇ ಸಿಕ್ಕಾಕತ್ತದೆ. ಕೂ... ಕೂಗಿದ್ರೆ ಬತ್ತದೆ. ಅದ್ಕೇ ಕೂಗ್ತೀನಿ" ಎಂದ ಶ್ರೇಯಾಂಸ.

"ಅಂಗಾದ್ರೆ ಕೂಗು ಮಗ" ಎಂದ ಹಿರಿಯ. "ನಾವು ಆಚೆ ಕುಂತಿರ್ತೀವಿ."

ಕುಳಿತರು ಕೂಡ. ಕೊನೆಯ ಹಾಡಿನಲ್ಲಿ ಕಿವಿಗೊಟ್ಟು ಕೇಳಿದರೆ ಅವರಲ್ಲೊಬ್ಬರ ಕೆಮ್ಮು ಈಗಲೂ ಇದೆ.

ವಾಪಸು ಬಸ್ಸಿನಲ್ಲಿ ಶ್ರೇಯಾಂಸ ನಿಧಾನವಾಗಿ ಹೇಳಿದ: "ಇ... ಇನ್ಮೇಲೆ ನನ್ನ ಮಾತು ನೀನು ಮುಗಿಸ್ಬೇಡ ಕಣೋ." ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆ. ಕಂಡಕ್ಟರ್ ಬಂದಾಗ ಅವನೇ ಟಿಕೆಟ್ ಕೇಳಿದ. ಅರ್ಧ ಬಸ್ಸು ತಿರುಗಿ ನೋಡಿತು. ನಾನು ತುಟಿ ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದೆ. ಕಂಡಕ್ಟರ್ ಕಾದ, ಟಿಕೆಟ್ ಹರಿದುಕೊಟ್ಟ, ಮುಂದೆ ಹೋದ. ಅಷ್ಟೇ. ಆಕಾಶವೇನೂ ಬೀಳಲಿಲ್ಲ.

ಅವನ ಉಗ್ಗು ಹೋಗಲಿಲ್ಲ. ಅದನ್ನಿಟ್ಟುಕೊಂಡೇ ಅಂಗಡಿ ನಡೆಸುತ್ತಾನೆ, ಮದುವೆ ಜವಳಿಗೆ ಬಂದ ಹೆಣ್ಣುಮಕ್ಕಳನ್ನು ಒಪ್ಪಿಸುತ್ತಾನೆ. ಕಾಯಲು ಕಲಿಯಬೇಕಾದವನು ನಾನಾಗಿದ್ದೆ.

ಕ್ಯಾಸೆಟ್ ಬಂದ ದಿನ ಫೋನು ಮಾಡಿದೆ. "ಹೊ... ಹೊ..." ಎಂದು ನಿಂತ. ಅಂಗಡಿಯಲ್ಲಿ ಯಾರೋ ಸೀರೆ ಕೊಡವುವ ಸದ್ದು ಕೇಳುತ್ತಿತ್ತು. ನಾನು ಕುರ್ಚಿಗೆ ಒರಗಿ ಕುಳಿತೆ.

"ಹೊಸ ಹಾಡು ಬರ್ದಿದೀನಿ ಕಣೋ. ಭಾನುವಾರ ಬತ್ತೀಯಾ?"

ಡ್ರಮ್ಮು ಮುಟ್ಟಿ ಹತ್ತು ವರ್ಷವಾಯಿತು, ಭುಜ ನೋಯುತ್ತದೆ ಎಂದು ಹೇಳಬೇಕಿತ್ತು. ಬರ್ತೀನಿ ಎಂದೆ.